ಟೆಲಿಕಾಂ ಕಂಪನಿ 'ಶೇ 100 ಹಸಿರು ವಿದ್ಯುತ್' ಅಂದ್ರೆ ನಂಬಬೇಕಾ? ಅಂಕ ಹಾಕೋದು ಹೇಗೆ?

ಸಂಪಿಗೆಮರ
ಎಲ್ಲರಿಗೂ ನಮಸ್ಕಾರ. ನಮ್ಮ ಸಂಸ್ಥೆಯ ಮೊಬೈಲ್ ಮತ್ತು ಇಂಟರ್‌ನೆಟ್ ಗುತ್ತಿಗೆಗೆ ಹೊಸದಾಗಿ ಟೆಂಡರ್ ಕರೆದಿದ್ದಾರೆ. ಈ ಸಲ ದರ, ಸಿಗ್ನಲ್ ಜೊತೆಗೆ 'ಸುಸ್ಥಿರತೆ ಮತ್ತು ಸಾಮಾಜಿಕ ಹೊಣೆಗಾರಿಕೆ'ಗೂ ಅಂಕ ಇದೆ. ಆ ಭಾಗಕ್ಕೆ ಅಂಕ ಹಾಕೋ ಕೆಲಸ ನನ್ನ ಕೊರಳಿಗೆ ಬಿದ್ದಿದೆ.

ವರದಿಗಳನ್ನ ಓದ್ತಾ ಇದೀನಿ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಗೊತ್ತಾಗ್ತಿಲ್ಲ. ಮುಖಪುಟದಲ್ಲಿ ಗಾಳಿಯಂತ್ರ, ಒಳಗೆ ಗಿಡ ನೆಡೋ ಮಕ್ಕಳು, ಕೊನೆಗೆ '2050ಕ್ಕೆ ನೆಟ್ ಝೀರೋ' (ನಿವ್ವಳ ಹೊರಸೂಸುವಿಕೆ ಸೊನ್ನೆ). ಒಂದು ಕಂಪನಿಯವರು 'ಶೇ 100 ನವೀಕರಿಸಬಹುದಾದ ವಿದ್ಯುತ್' ಅಂತ ದಪ್ಪಕ್ಷರದಲ್ಲಿ ಹಾಕ್ಕೊಂಡಿದ್ದಾರೆ. ಅದೇ ವರದಿಯ ಹಿಂದಿನ ಪುಟದಲ್ಲಿ ಜನರೇಟರ್ ಡೀಸೆಲ್ ಲೆಕ್ಕವೂ ಇದೆ! ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತೆ? ಇವರನ್ನ ಏನು ಕೇಳಬೇಕು? ಒಳಗಿನ ವಿಷಯ ಗೊತ್ತಿರೋರು ದಯವಿಟ್ಟು ಹೇಳಿ.

ಮಿಸ್ಡ್‌ಕಾಲ್
ಗಿಡ ನೆಟ್ಟ ಫೋಟೋಗೆ ಅರ್ಧ ಅಂಕ. ಎರಡು ವರ್ಷ ಆದ್ಮೇಲೆ ಅದೇ ಗಿಡದ ಫೋಟೋ ತೋರಿಸಿದ್ರೆ ಪೂರ್ತಿ ಅಂಕ.

ಕಡತಪ್ರಿಯ
ಮೇಡಂ, ಅದು ಸುಳ್ಳಲ್ಲ. ಆದ್ರೆ ನೀವು ಅಂದುಕೊಂಡ ಅರ್ಥವೂ ಅದಕ್ಕಿಲ್ಲ. ಹೊರಸೂಸುವಿಕೆಯ, ಅಂದ್ರೆ ಗಾಳಿಗೆ ಬಿಡೋ ಹಸಿರುಮನೆ ಅನಿಲಗಳ ಲೆಕ್ಕದಲ್ಲಿ ಮೂರು ಖಾನೆ. ಸ್ಕೋಪ್ 1 ಅಂದ್ರೆ ಕಂಪನಿಯಿಂದಲೇ ನೇರವಾಗಿ ಹೊರಬೀಳೋದು: ಜನರೇಟರ್ ಡೀಸೆಲ್, ಸ್ವಂತ ವಾಹನ, ಎಸಿಯಿಂದ ಸೋರೋ ಅನಿಲ. ಸ್ಕೋಪ್ 2 ಅಂದ್ರೆ ಹೊರಗಿಂದ ಕೊಂಡ ವಿದ್ಯುತ್. ಸ್ಕೋಪ್ 3ರಲ್ಲಿ ಉಳಿದದ್ದೆಲ್ಲ: ಉಪಕರಣ ತಯಾರಿಸಿದ ಕಾರ್ಖಾನೆ, ಮಾರಿದ ಫೋನು, ಗ್ರಾಹಕರ ಮನೆಯ ರೂಟರ್. 'ಶೇ 100' ಅನ್ನೋ ಮಾತು ಎರಡನೇ ಖಾನೆಗೆ ಮಾತ್ರ. ಡೀಸೆಲ್ ಮೊದಲನೇ ಖಾನೆ. ಹಾಗಾಗಿ ಎರಡೂ ಒಂದೇ ವರದಿಯಲ್ಲಿ ಜಗಳ ಇಲ್ಲದೆ ಸಂಸಾರ ಮಾಡ್ಕೊಂಡಿರ್ತವೆ.

ಇನ್ನೂ ಒಂದು ಒಳಸುಳಿ ಇದೆ. ಸ್ಕೋಪ್ 2ನ್ನ ಎರಡು ರೀತಿ ತೋರಿಸಬೇಕು ಅಂತ ಈ ಲೆಕ್ಕದ ಅಂತರರಾಷ್ಟ್ರೀಯ ನಿಯಮಾವಳಿಯಾದ ಜಿಎಚ್‌ಜಿ ಪ್ರೊಟೊಕಾಲ್‌ನ 2015ರ ಮಾರ್ಗಸೂಚಿಯಲ್ಲೇ ಇದೆ. 'ಸ್ಥಳ ಆಧಾರಿತ' ಲೆಕ್ಕ ಅಂದ್ರೆ ಆ ಊರಿನ ಗ್ರಿಡ್‌ನಲ್ಲಿ ನಿಜಕ್ಕೂ ಎಂಥ ವಿದ್ಯುತ್ ಹರೀತಿದೆಯೋ ಅದರ ಪ್ರಕಾರ. 'ಮಾರುಕಟ್ಟೆ ಆಧಾರಿತ' ಅಂದ್ರೆ ಕಂಪನಿ ಮಾಡ್ಕೊಂಡ ಒಪ್ಪಂದ, ಕೊಂಡ ಹಸಿರು ವಿದ್ಯುತ್ ಪ್ರಮಾಣಪತ್ರಗಳ ಪ್ರಕಾರ. ಎರಡನೆಯದು ಸೊನ್ನೆ ಆಗಬಹುದು, ಮೊದಲನೆಯದು ಏರ್ತಾನೇ ಇರಬಹುದು. ದಪ್ಪಕ್ಷರ ಸಿಗೋದು ಯಾವುದಕ್ಕೆ ಅಂತ ಬೇರೆ ಹೇಳಬೇಕಾ?

ಝೀರೋಬ್ಯಾಲೆನ್ಸ್
ಅಂದ್ರೆ ಕಲ್ಲಿದ್ದಲಿನ ಕರೆಂಟ್ ಉರಿಸಿ, ಒಂದು ಕಾಗದ ಕೊಂಡು 'ಹಸಿರು' ಅನ್ನಬಹುದು. ಸರಿನಾ ಗುರು?

ಕಡತಪ್ರಿಯ
ಅನ್ನಬಹುದು. ಆದ್ರೆ ಎಲ್ಲಾ ಕಾಗದಕ್ಕೂ ಒಂದೇ ತೂಕ ಇಲ್ಲ. ಹೊಸ ಸೌರ ಘಟಕಕ್ಕೆ 'ಹದಿನೈದು ವರ್ಷ ನಿನ್ನ ವಿದ್ಯುತ್ ನಾನೇ ಕೊಳ್ತೀನಿ' ಅಂತ ಬರೆದುಕೊಟ್ರೆ, ಆ ಒಪ್ಪಂದ ತೋರಿಸಿ ಬ್ಯಾಂಕ್ ಸಾಲ ಸಿಗುತ್ತೆ, ಘಟಕ ಎದ್ದು ನಿಲ್ಲುತ್ತೆ. ಎಂದೋ ಕಟ್ಟಿ ಮುಗಿದಿರೋ ಅಣೆಕಟ್ಟಿನ ಪ್ರಮಾಣಪತ್ರ ಕೊಂಡ್ರೆ ಗಾಳಿಗೆ ಏನೂ ವ್ಯತ್ಯಾಸ ಆಗಲ್ಲ. ಸಂಪಿಗೆಮರ ಅವರೇ, ಮೊದಲ ಪ್ರಶ್ನೆ ಇದೇ ಆಗಲಿ: ನಿಮ್ಮ ಹಸಿರು ವಿದ್ಯುತ್ತಿನಲ್ಲಿ ದೀರ್ಘಾವಧಿ ಖರೀದಿ ಎಷ್ಟು, ಬಿಡಿ ಪ್ರಮಾಣಪತ್ರ ಎಷ್ಟು?

ಆಂಟೆನಾ_ಅಪ್ಪು
ನಾನು ರೇಡಿಯೋ ನೆಟ್‌ವರ್ಕ್ ಕಡೆಯವನು. ಲೆಕ್ಕದವರು ಕಾಗದದ ಮಾತಾಡಿದ್ರು, ನಾನು ಕಬ್ಬಿಣದ ಮಾತಾಡ್ತೀನಿ.

ಮೊಬೈಲ್ ಕಂಪನಿಯ ವಿದ್ಯುತ್ತಿನ ಮುಕ್ಕಾಲು ಪಾಲಿನಷ್ಟು ತಿನ್ನೋದು ರೇಡಿಯೋ ಭಾಗ, ಅಂದ್ರೆ ಟವರ್ ಸೈಟುಗಳು. ಆಫೀಸಿನಲ್ಲಿ ಎಲ್‌ಇಡಿ ಬಲ್ಬ್ ಹಾಕಿದ್ವಿ, ಕಾಗದದ ಲೋಟ ಬಿಟ್ವಿ ಅಂತ ಪುಟಗಟ್ಟಲೆ ಬರೆದಿದ್ರೆ ಹಾರಿಸಿಕೊಂಡು ಹೋಗಿ. ಸೈಟಿನಲ್ಲಿ ಏನು ಮಾಡಿದ್ರು ಅನ್ನೋದನ್ನ ಹುಡುಕಿ.

4ಜಿ ಹೇಗೆ ಕೆಲಸ ಮಾಡುತ್ತೆ ನೋಡಿ. ಒಂದು ಸೆಲ್‌ನಲ್ಲಿ, ಅಂದ್ರೆ ಆ ಆಂಟೆನಾ ವ್ಯಾಪ್ತಿಯಲ್ಲಿ, ಒಂದು ಫೋನೂ ಇಲ್ಲದಿದ್ರೂ 'ನಾನಿಲ್ಲಿದ್ದೀನಿ' ಅಂತ ಪ್ರತಿ ಮಿಲಿಸೆಕೆಂಡಿಗೂ ರೆಫರೆನ್ಸ್ ಸಿಗ್ನಲ್ ಕಳಿಸ್ತಾನೇ ಇರಬೇಕು. ಸಿಗ್ನಲ್‌ಗೆ ಬಲ ತುಂಬೋ ಪವರ್ ಆಂಪ್ಲಿಫೈಯರ್‌ಗೆ ನೆಮ್ಮದಿಯಾಗಿ ಕಣ್ಣು ಮುಚ್ಚೋ ಅವಕಾಶವೇ ಇಲ್ಲ. 5ಜಿ ಬರೆಯುವಾಗ ಇದನ್ನ ತಿದ್ದಿದ್ರು. ಅಲ್ಲಿ ಆ ಕೂಗು ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ ಸಾಕು, ಬೇಕಿದ್ರೆ 160ರ ತನಕ ಎಳೀಬಹುದು. ನಡುವೆ ಆಂಪ್ಲಿಫೈಯರ್ ಮಲಗಬಹುದು. ರಾತ್ರಿ ಜನ ಕಮ್ಮಿಯಾದಾಗ ಒಂದೆರಡು ಕ್ಯಾರಿಯರ್ (ಸಿಗ್ನಲ್ ಹೊರೋ ತರಂಗಪಟ್ಟಿ) ಪೂರ್ತಿ ಆರಿಸಬಹುದು, 64 ಟ್ರಾನ್ಸ್‌ಮಿಟರ್ ಇರೋ ಆಂಟೆನಾದಲ್ಲಿ ಅರ್ಧ ಮುಚ್ಚಬಹುದು.

ಮಾಡ್ತಾರಾ? ಅದೇ ಕಥೆ. ಸಾಫ್ಟ್‌ವೇರ್ ಇರುತ್ತೆ, ಲೈಸೆನ್ಸ್ ದುಡ್ಡು ಕಟ್ಟಿರ್ತಾರೆ, ಆದ್ರೆ ಆಫ್ ಮಾಡಿಟ್ಟಿರ್ತಾರೆ. ಯಾಕಂದ್ರೆ ನೆಟ್‌ವರ್ಕ್ ಮ್ಯಾನೇಜರ್ ಬೋನಸ್ ವೇಗದ ಮೇಲೆ, ಕಾಲ್ ಡ್ರಾಪ್ ಮೇಲೆ. ವಿದ್ಯುತ್ ಬಿಲ್ ಬೇರೆ ವಿಭಾಗದ ತಲೆನೋವು. ನಾನಿದ್ದ ಒಂದು ಕಡೆ ಹೀಗೆ ಉಪಕರಣ ಮಲಗಿಸೋ 'ಸ್ಲೀಪ್ ಮೋಡ್' ಶುರು ಮಾಡೋಣ ಅಂದಾಗ, 'ಬೆಳಿಗ್ಗೆ ದೂರು ಬಂದ್ರೆ ನಿನ್ನ ಹೆಸರು ಬರೀಲಾ?' ಅಂತ ಕೇಳಿದ್ರು. ಅಲ್ಲಿಗೆ ಮುಗೀತು.

ಹೊಸಬ_23
ಸರ್, 5ಜಿ ಅಷ್ಟೊಂದು ಉಳಿಸುತ್ತೆ ಅಂದ್ರೆ ಕಂಪನಿಗಳ ವಿದ್ಯುತ್ ಬಳಕೆ ಇಳೀಬೇಕಿತ್ತಲ್ವಾ?

ಆಂಟೆನಾ_ಅಪ್ಪು
ಒಂದು ಜಿಬಿ ಸಾಗಿಸೋಕೆ ತಗಲೋ ವಿದ್ಯುತ್ ಇಳಿದಿದೆ. ಸಾಗಿಸೋ ಜಿಬಿ ಅದಕ್ಕಿಂತ ಜಾಸ್ತಿ ಏರಿದೆ. ಮೇಲಾಗಿ 5ಜಿ ಹಾಕ್ದಾಗ 4ಜಿ, 2ಜಿ ಪೆಟ್ಟಿಗೆಗಳನ್ನ ಇಳಿಸಲ್ಲ. ಒಂದೇ ಕಂಬಕ್ಕೆ ಎಲ್ಲವೂ ನೇತಾಡ್ತವೆ.

ಕಡತಪ್ರಿಯ
ಇದಕ್ಕೇ 'ಪ್ರತಿ ಟೆರಾಬೈಟಿಗೆ ಇಷ್ಟು ಕಡಿತ' ಅನ್ನೋ ಗ್ರಾಫ್‌ಗೆ ಅಂಕ ಕೊಡಬೇಡಿ. ಒಟ್ಟು ಯೂನಿಟ್, ಒಟ್ಟು ಟನ್ ಕೇಳಿ. ಉಗಿಯಂತ್ರಗಳು ಕಮ್ಮಿ ಕಲ್ಲಿದ್ದಲಲ್ಲಿ ಹೆಚ್ಚು ಕೆಲಸ ಮಾಡೋ ಹಾಗಾದ್ಮೇಲೆ ಒಟ್ಟು ಕಲ್ಲಿದ್ದಲು ಬಳಕೆ ಏರಿತು ಅಂತ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ಬರೆದಿದ್ದ.

ಝೀರೋಬ್ಯಾಲೆನ್ಸ್
ಒಂದು ನಿಮಿಷ. ಜಗತ್ತಿನ ಒಟ್ಟು ಹೊರಸೂಸುವಿಕೆಯಲ್ಲಿ ಈ ಇಡೀ ಐಟಿ-ಟೆಲಿಕಾಂ ಸೇರಿ ಎಷ್ಟು? ಎರಡು ಪರ್ಸೆಂಟಾ? ಸಿಮೆಂಟು, ಉಕ್ಕು, ವಿಮಾನದವರನ್ನೆಲ್ಲ ಬಿಟ್ಟು ಫೋನಿನವರ ಬೆನ್ನು ಯಾಕೆ ಹತ್ತಿದೀರಿ? ಕಂಪನಿ ಕೆಲಸ ಸಿಗ್ನಲ್ ಕೊಡೋದು. ನನಗೆ ಲಿಫ್ಟಿನಲ್ಲಿ ಸಿಗ್ನಲ್ ಬಂದ್ರೆ ಅದೇ ಸಾಮಾಜಿಕ ಹೊಣೆಗಾರಿಕೆ.

ಕಡತಪ್ರಿಯ
ಪ್ರಮಾಣ ನೀವು ಹೇಳಿದ ಆಸುಪಾಸೇ. ಟೆಲಿಕಾಂ ಉಪಕರಣ ತಯಾರಿಸೋ ಎರಿಕ್ಸನ್‌ನ ಸಂಶೋಧಕರು ಶೇ 1.4 ಅಂದ್ರು. 2021ರಲ್ಲಿ ಬಂದ ಇನ್ನೊಂದು ವಿಮರ್ಶೆ, ಬಿಟ್ಟುಹೋದದ್ದನ್ನೆಲ್ಲ ಸೇರಿಸಿದ್ರೆ ಶೇ 2.1ರಿಂದ 3.9 ಆಗಬಹುದು ಅಂತು. ಫೋನು, ಡೇಟಾ ಸೆಂಟರ್ ಎಲ್ಲಾ ಸೇರಿ ಅಷ್ಟು. ಆದ್ರೆ 'ನಮ್ಮದು ಸಣ್ಣ ಪಾಲು' ಅಂತ ಪ್ರತಿಯೊಂದು ಉದ್ಯಮವೂ ಹೇಳಬಹುದು. ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು ಈ ವಲಯಕ್ಕೆ ಕೊಟ್ಟ ಗುರಿ 2020ರಿಂದ 2030ರೊಳಗೆ ಶೇ 45 ಕಡಿತ. 2050 ಅಂತ ಮಾತ್ರ ಬರೆದು 2030ರ ಬಗ್ಗೆ ಬಾಯಿ ಬಿಡದ ವರದಿಗೆ ನಾನಾದ್ರೆ ಅಂಕ ಕತ್ತರಿಸ್ತೀನಿ. 2050ರಲ್ಲಿ ಈಗಿನ ನಿರ್ದೇಶಕರಲ್ಲಿ ಒಬ್ಬರೂ ಕುರ್ಚಿಯಲ್ಲಿರಲ್ಲ.

ಇನ್ನೊಂದು: 'ನಮ್ಮಿಂದ ಬೇರೆಯವರ ಹೊರಸೂಸುವಿಕೆ ಹತ್ತು ಪಟ್ಟು ಉಳಿದಿದೆ' ಅನ್ನೋ ಮಾತು ನಿಮ್ಮ ವರದಿಗಳಲ್ಲಿ ಖಂಡಿತ ಇರುತ್ತೆ ನೋಡಿ. 2019ರಲ್ಲಿ ಮೊಬೈಲ್ ಕಂಪನಿಗಳ ಒಕ್ಕೂಟ ಜಿಎಸ್‌ಎಂಎ ಮತ್ತು ಇಂಗಾಲ ಕಡಿತದ ಸಲಹಾ ಸಂಸ್ಥೆ ಕಾರ್ಬನ್ ಟ್ರಸ್ಟ್ ಸೇರಿ ಆ ಲೆಕ್ಕ ಹಾಕಿದ್ದವು. ಜನ ಪ್ರಯಾಣ ಬಿಟ್ಟು ವಿಡಿಯೋ ಕರೆ ಮಾಡಿದ್ರು, ಲಾರಿಗಳು ಹತ್ತಿರದ ದಾರಿ ಹಿಡಿದ್ವು, ಇಂಥವು. ವಿಷಯ ಸುಳ್ಳಲ್ಲ. ಆದ್ರೆ ಅದನ್ನ ಸ್ವಂತ ಹೊರಸೂಸುವಿಕೆಯಿಂದ ಕಳೆಯೋ ಹಾಗಿಲ್ಲ. ಲಾರಿ ಕಂಪನಿಯೂ ಅದೇ ಉಳಿತಾಯವನ್ನ ತನ್ನ ವರದಿಯಲ್ಲಿ ತೋರಿಸಿರುತ್ತೆ.

ರಿಪೇರಿರಾಯ
ಏನ್ರೀ, ಎಲ್ಲಾರೂ ಟವರ್ ಟವರ್ ಅಂತೀರಿ, ಕೈಯಾಗಿನ ಫೋನ್ ಮರತೇಬಿಟ್ರಲ್ಲ. ನಾ ಫೋನ್ ಬಿಚ್ಚಿ ಕಟ್ಟಾಂವ. ಒಂದು ಸ್ಮಾರ್ಟ್‌ಫೋನಿನ ಜೀವಮಾನದ ಇಂಗಾಲದಾಗ ಹೆಚ್ಚುಕಮ್ಮಿ ಐದರಾಗ ನಾಕು ಪಾಲು ಅದು ತಯಾರಾಗೂದರಾಗ ಮುಗದಿರ್ತೈತಿ. ನೀವು ಚಾರ್ಜ್ ಮಾಡೂದು ಲೆಕ್ಕಕ್ಕ ಬರೂದುಲ್ಲ. ಅಂದ್ರ ಫೋನ್ ಎಷ್ಟು ವರ್ಷ ನಡೀತೈತಿ ಅನ್ನೂದ ಮುಖ್ಯ. ಮತ್ತ ಎರಡು ವರ್ಷಕ್ಕೊಮ್ಮೆ 'ಹೊಸಾದು ತಗೋರಿ, ಪ್ಲ್ಯಾನ್ ಜೋಡಿ ಕೊಡ್ತೀವಿ' ಅಂತ ಬೆನ್ನ ಹತ್ತಾವ್ರು ಯಾರು? ಇದ ಟೆಲಿಕಾಂ ಕಂಪನಿ ಅಲ್ಲೇನ್ರಿ?

ಬ್ಯಾಟರಿ ಅಂಟು ಹಾಕಿ ಕುಂದ್ರಸ್ತಾರ. ಬಿಚ್ಚಬೇಕಂದ್ರ ಹಿಂದಿನ ಗಾಜು ಬಿಸಿ ಮಾಡಿ, ತೆಳ್ಳನ ಪ್ಲಾಸ್ಟಿಕ್ ತುಂಡು ತೂರಿಸಿ, ಉಸಿರು ಹಿಡದು ಎಬ್ಬಸಬೇಕು. ಗಾಜು ಒಡದ್ರ ಬ್ಯಾಟರಿಕಿಂತ ಗಾಜಿಂದ ಖರ್ಚು ಹೆಚ್ಚು. ಗಿರಾಕಿ 'ಬ್ಯಾಡ ಬಿಡ್ರಿ, ಹೊಸಾದು ತಗೋತೀನಿ' ಅಂತಾನ. ಫೋನಿಗೆ ಏನಾಗಿರ್ತೈತಿ? ಏನೂ ಆಗಿರೂದುಲ್ಲ. ಬ್ಯಾಟರಿ ಮುದಿ ಆಗಿರ್ತೈತಿ, ಅಷ್ಟ.

ಮೂರನೇಪುಟ
ರಾಯರೇ, ಯುರೋಪಿನಲ್ಲಿ ಇದಕ್ಕೆ ಕಾನೂನು ಬಂದಿದೆ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರೋ ಫೋನಿನ ಬ್ಯಾಟರಿ 800 ಸಲ ಚಾರ್ಜ್ ಆದ್ಮೇಲೂ ಶೇ 80 ಸಾಮರ್ಥ್ಯ ಉಳಿಸ್ಕೋಬೇಕು. ಆ ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಸಿಗಬೇಕು, ಐದು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಬೇಕು.

ರಿಪೇರಿರಾಯ
ಕಾಯ್ದೆ ಚಲೋ ಐತ್ರಿ. ಬಿಡಿಭಾಗದ ದರಾ ಏನಂತ ಕಾಯ್ದೆದಾಗ ಐತೇನು? ಪರದೆ ಒಂದಕ್ಕ ಅರ್ಧಾ ಫೋನಿನ ರೊಕ್ಕ ಕೇಳಿದ್ರ ಏಳು ವರ್ಷ ಸಿಕ್ರೂ ಅಷ್ಟ, ಸಿಗದಿದ್ರೂ ಅಷ್ಟ.

ಮಿಸ್ಡ್‌ಕಾಲ್
ನನ್ನ ಡ್ರಾಯರ್‌ನಲ್ಲಿರೋ ಹಳೇ ಚಾರ್ಜರ್‌ಗಳನ್ನ ಅಗೆದ್ರೆ ತಾಮ್ರದ ಗಣಿ.

ಮೂರನೇಪುಟ
ತಮಾಷೆ ಅಲ್ಲ ಅದು. ಐಟಿಯು ಮತ್ತು ವಿಶ್ವಸಂಸ್ಥೆಯ ತರಬೇತಿ-ಸಂಶೋಧನಾ ಸಂಸ್ಥೆ ಯುನಿಟಾರ್ 2024ರಲ್ಲಿ ಕೊಟ್ಟ ವರದಿ ಪ್ರಕಾರ 2022ರಲ್ಲಿ ಜಗತ್ತಿನ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆ ಇರೋದು ಶೇ 22.3ಕ್ಕೆ ಮಾತ್ರ. ಉಳಿದದ್ದು ಡ್ರಾಯರ್‌ನಲ್ಲೋ, ತಿಪ್ಪೆಯಲ್ಲೋ, ವೈರ್ ಸುಟ್ಟು ತಾಮ್ರ ತೆಗೆಯೋರ ಕೈಯಲ್ಲೋ ಇದೆ. 2025ರ ಜನವರಿ 1ರಿಂದ, ಅಪಾಯಕಾರಿ ತ್ಯಾಜ್ಯ ಗಡಿ ದಾಟಿಸೋದನ್ನ ನಿಯಂತ್ರಿಸೋ ಬಾಸೆಲ್ ಒಪ್ಪಂದದ ತಿದ್ದುಪಡಿ ಜಾರಿಗೆ ಬಂತು. ಅಪಾಯಕಾರಿ ಇರಲಿ, ಇಲ್ಲದಿರಲಿ, ಇ-ತ್ಯಾಜ್ಯ ಗಡಿ ದಾಟಬೇಕಾದ್ರೆ ತಗೊಳ್ಳೋ ದೇಶದ ಮುಂಗಡ ಒಪ್ಪಿಗೆ ಬೇಕು. 'ಬಳಸಿದ ಉಪಕರಣ' ಅಂತ ಚೀಟಿ ಅಂಟಿಸಿ ಸಾಗಹಾಕೋದು ಅದರಿಂದ ನಿಲ್ಲುತ್ತಾ ಅನ್ನೋದು ಬೇರೆ ಮಾತು.

ಸಂಪಿಗೆಮರ
ತುಂಬಾ ಉಪಯೋಗ ಆಗ್ತಿದೆ. ಒಂದು ಸಂಶಯ: ರೂಟರ್ ಬಗ್ಗೆ ಕಡತಪ್ರಿಯ ಹೇಳಿದ್ರಲ್ಲ, ಅದರ ಕರೆಂಟ್ ಬಿಲ್ ಕಟ್ಟೋದು ನಾವು. ಕಂಪನಿ ಲೆಕ್ಕದಲ್ಲಿ ಅದು ಹೇಗೆ ಬರುತ್ತೆ?

ಕಡತಪ್ರಿಯ
ಬರುತ್ತೆ, ಬರಬೇಕು. ರೂಟರ್ ಮಾರಿದ್ರೆ 'ಮಾರಿದ ವಸ್ತುಗಳ ಬಳಕೆ' ಅನ್ನೋ ಶೀರ್ಷಿಕೆಯಲ್ಲಿ, ಬಾಡಿಗೆಗೆ ಕೊಟ್ರೆ 'ಗುತ್ತಿಗೆಗೆ ಕೊಟ್ಟ ಆಸ್ತಿ'ಯಲ್ಲಿ. ಎರಡೂ ಸ್ಕೋಪ್ 3. ಹತ್ತು ವಾಟ್ ಅಂತ ಇಟ್ಕೊಂಡ್ರೂ ಹಗಲು ರಾತ್ರಿ ಉರಿದು ವರ್ಷಕ್ಕೆ 87.6 ಯೂನಿಟ್ ಆಯ್ತು. ಲಕ್ಷಗಟ್ಟಲೆ ಮನೆಗಳಿಂದ ಗುಣಿಸಿ ನೋಡಿ. ನೀವು ವಾಪಸ್ ಕೊಟ್ಟ ರೂಟರ್ ಒರೆಸಿ, ಪರೀಕ್ಷೆ ಮಾಡಿ ಇನ್ನೊಬ್ಬರಿಗೆ ಕೊಡ್ತಾರಾ ಅಂತಲೂ ಕೇಳಿ. ಹಾಗೆ ಮಾಡೋ ಕಂಪನಿಗಳಿವೆ.

ಹಾಗೇ ಟವರ್ ಯಾರದ್ದು ಅಂತ ನೋಡಿ. ಈಗ ಬಹಳಷ್ಟು ಆಪರೇಟರ್‌ಗಳು ಟವರ್‌ಗಳನ್ನ ಬೇರೆ ಟವರ್ ಕಂಪನಿಗೆ ಮಾರಿ, ಬಾಡಿಗೆಗೆ ಇದ್ದಾರೆ. ಒಂದೇ ಕಂಬಕ್ಕೆ ಹಲವರು ಸೇರೋದ್ರಿಂದ ಉಕ್ಕು, ಜಾಗ, ಬ್ಯಾಟರಿ ಎಲ್ಲಾ ಉಳಿಯುತ್ತೆ, ಅದು ನಿಜವಾಗ್ಲೂ ಒಳ್ಳೇದು. ಆದ್ರೆ ಮಾರಿದ ವರ್ಷ ಆಪರೇಟರ್‌ನ ಸ್ಕೋಪ್ 1 ಡೀಸೆಲ್ ದಿಢೀರ್ ಅಂತ ಇಳಿದು ಸ್ಕೋಪ್ 3ಕ್ಕೆ ಜಾರಿಕೊಳ್ಳುತ್ತೆ. ಜನರೇಟರ್ ಅಲ್ಲೇ ಗುಡುಗ್ತಾ ಇರುತ್ತೆ. ನಿಯಮದ ಪ್ರಕಾರ ಮೂಲ ವರ್ಷದ, ಅಂದ್ರೆ ಯಾವ ವರ್ಷಕ್ಕೆ ಹೋಲಿಸಿ ಕಡಿತ ಅಳೀತಾರೋ ಅದರ, ಅಂಕಿಯನ್ನೂ ತಿದ್ದಬೇಕು. ತಿದ್ದಿದ್ದಾರಾ ನೋಡಿ.

ಹಳೇತಂತಿ
ಮಕ್ಕಳೇ, ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂದಲು ನರೆಸಿಕೊಂಡವನು. ಒಂದು ಮಾತು ಹೇಳ್ತೇನೆ, ಸಿಟ್ಟಾಗಬೇಡಿ. ಎಲ್ಲರೂ ಹೊಸದನ್ನು ಹಾಕುವ ಬಗ್ಗೆ ಮಾತಾಡ್ತಿದ್ದೀರಿ. ಹಳೆಯದನ್ನು ತೆಗೆಯುವುದರಲ್ಲೇ ಕಂಪನಿಯ ನಿಜವಾದ ಬಣ್ಣ ಗೊತ್ತಾಗುವುದು.

ತಾಮ್ರದ ತಂತಿ ಬಿಟ್ಟು ಫೈಬರ್‌ಗೆ ಹೋದರೆ ವಿದ್ಯುತ್ ಬಹಳ ಉಳಿಯುತ್ತದೆ, ಸಂಶಯವಿಲ್ಲ. ಸ್ಪೇನಿನಲ್ಲಿ ಟೆಲಿಫೋನಿಕಾ ತನ್ನ ತಾಮ್ರದ ಎಕ್ಸ್‌ಚೇಂಜುಗಳನ್ನು ಮುಚ್ಚಿಯೇಬಿಟ್ಟಿತು. ಆದರೆ ಹಳೆಯ ಫೋನಿನ ಒಂದು ಗುಣ ಈಗಿನವರಿಗೆ ಗೊತ್ತಿಲ್ಲ. ಅದಕ್ಕೆ ಬೇಕಾದ ವಿದ್ಯುತ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಂತಿಯಲ್ಲಿ ಬರುತ್ತಿತ್ತು. ಮನೆಯಲ್ಲಿ ಕರೆಂಟ್ ಹೋದರೂ ಫೋನ್ ಬದುಕಿರುತ್ತಿತ್ತು. ಫೈಬರ್‌ನಲ್ಲಿ ರೂಟರ್ ಆರಿದರೆ ಫೋನೂ ಆರಿತು.

ಬ್ರಿಟನ್ನಿನಲ್ಲಿ ಒಂಟಿಯಾಗಿರುವ ವೃದ್ಧರು ಕುತ್ತಿಗೆಗೆ ಒಂದು ಗುಂಡಿ ಹಾಕಿಕೊಂಡಿರುತ್ತಾರೆ. ಬಿದ್ದರೆ ಒತ್ತಬೇಕು, ಹಳೆಯ ಫೋನ್ ಲೈನಿನ ಮೂಲಕ ಸಹಾಯವಾಣಿಗೆ ಕರೆ ಹೋಗುತ್ತದೆ. ಲೈನ್ ಬದಲಿಸುವಾಗ ಕೆಲವರ ಗುಂಡಿಗಳು ಕೆಲಸ ಮಾಡಲಿಲ್ಲ. ಗಲಾಟೆಯಾಯಿತು. 2023ರ ಕೊನೆಗೆ ಕಂಪನಿಗಳು ಸರ್ಕಾರದ ಮುಂದೆ ಒಪ್ಪಿಕೊಂಡು ಬಲವಂತದ ಬದಲಾವಣೆ ನಿಲ್ಲಿಸಿದವು. 2025ರ ಡಿಸೆಂಬರ್ ಇದ್ದ ಗಡುವು 2027ರ ಜನವರಿಗೆ ಹೋಯಿತು. ವಿದ್ಯುತ್ ಉಳಿತಾಯದ ಗ್ರಾಫಿನಲ್ಲಿ ಆ ಗುಂಡಿ ಎಲ್ಲಿರುತ್ತದೆ ಹೇಳಿ?

ಆಂಟೆನಾ_ಅಪ್ಪು
ಸರ್ ಹೇಳಿದ್ದು ಸರಿ. 3ಜಿ ಆರಿಸಿದಾಗಲೂ ಇದೇ ಆಯ್ತು. ಅಮೆರಿಕದಲ್ಲಿ 2022ರಲ್ಲಿ ದೊಡ್ಡ ಕಂಪನಿಗಳು 3ಜಿ ಮುಚ್ಚಿದಾಗ ಹಳೇ ಫೋನ್ ಅಷ್ಟೇ ಅಲ್ಲ, ಮನೆಯ ಕಳ್ಳಗಂಟೆ, ಕಾರಿನ ತುರ್ತು ಕರೆ ಕೂಡ ಸತ್ತವು. ನನ್ನಂಥವರಿಗೆ 3ಜಿ ಮುಚ್ಚೋದು ಹಬ್ಬ, ಒಂದು ಪೆಟ್ಟಿಗೆ ಕಮ್ಮಿ. ಆದ್ರೆ ಆ ಉಳಿತಾಯದ ಪಕ್ಕದಲ್ಲಿ ಬಿಸಾಕಿದ ಉಪಕರಣಗಳ ಲೆಕ್ಕ ಯಾರೂ ಬರೆಯಲ್ಲ.

ಹಳೇತಂತಿ
ನೆಲದಡಿ ಬಿಟ್ಟು ಹೋದದ್ದೂ ಇದೆಯಪ್ಪ. ಹಿಂದೆ ತಾಮ್ರದ ಕೇಬಲ್‌ಗೆ ಸೀಸದ ಹೊದಿಕೆ ಇರುತ್ತಿತ್ತು. ನೀರು ಒಳಗೆ ಹೋಗದ ಹಾಗೆ ಬೆಸುಗೆ ಹಾಕಲು ಸೀಸ ಅನುಕೂಲ. ಅಮೆರಿಕದಲ್ಲಿ ಅಂಥ ಕೇಬಲ್‌ಗಳನ್ನು ನೆಲದಲ್ಲೂ ನೀರಲ್ಲೂ ಹಾಗೆಯೇ ಬಿಟ್ಟಿದ್ದಾರೆ ಅಂತ 2023ರ ಜುಲೈಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಬರೆದಾಗ ಕಂಪನಿಗಳ ಷೇರು ಕುಸಿಯಿತು. ಅಲ್ಲಿನ ತಾಹೋ ಸರೋವರದ ತಳದ ಕೇಬಲ್ ವಿಷಯ ಅದಕ್ಕೂ ಮೊದಲೇ ಕೋರ್ಟಿಗೆ ಹೋಗಿತ್ತು.

ವೈಫೈವೈರಾಗಿ
ಎಲ್ಲಾ ಬಿಡಿ, ರೇಡಿಯೇಶನ್ ಬಗ್ಗೆ ಯಾಕೆ ಯಾರೂ ಮಾತಾಡ್ತಿಲ್ಲ? ಟವರ್‌ನಿಂದ ಗುಬ್ಬಚ್ಚಿ ಸತ್ತವು!!

ನಿರ್ವಾಹಕ
ಆ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಹೋಗಿ. ಇಲ್ಲಿ ಶುರು ಮಾಡಿದ್ರೆ ಅಳಿಸ್ತೀನಿ.

ಕಡಲಹಕ್ಕಿ
ನಿರ್ವಾಹಕರೇ, ಒಂದು ನಿಮಿಷ ಮಾರಾಯ್ರೆ. ಹಕ್ಕಿ ಸಾಯುವುದು ಹೌದು, ಆದ್ರೆ ಅಲೆಯಿಂದ ಅಲ್ಲ, ದೀಪದಿಂದ! ರಾತ್ರಿ ವಲಸೆ ಹೋಗುವ ಸಣ್ಣ ಹಕ್ಕಿಗಳಿಗೆ ಎತ್ತರದ ಟವರ್ ಮೇಲಿನ ಆರದ ಕೆಂಪು ದೀಪ ದಾರಿ ತಪ್ಪಿಸ್ತದೆ. ಮೋಡ ಕವಿದ ರಾತ್ರಿ ಅದರ ಸುತ್ತ ಸುತ್ತಿ ಸುತ್ತಿ, ಟವರನ್ನು ಎಳೆದು ಹಿಡಿದ ತಂತಿಗೆ ಬಡಿದು ಬೀಳ್ತವೆ. ಅಮೆರಿಕ, ಕೆನಡಾ ಸೇರಿ ವರ್ಷಕ್ಕೆ 68 ಲಕ್ಷ ಹಕ್ಕಿ ಹೀಗೆ ಸಾಯ್ತವೆ ಅಂತ 2012ರ ಅಂದಾಜು.

ಪರಿಹಾರ ಏನು ಗೊತ್ತುಂಟಾ? ಆರದೆ ಉರಿಯುವ ದೀಪ ತೆಗೆದು ಮಿನುಗುವ ದೀಪ ಮಾತ್ರ ಇಡುವುದು. ಮಿಶಿಗನ್‌ನಲ್ಲಿ ಮಾಡಿ ನೋಡಿದಾಗ ಸಾವು ಶೇ 50ರಿಂದ 70ರಷ್ಟು ಇಳಿಯಿತು. ಪೈಲಟ್‌ಗಳಿಗೆ ತೊಂದರೆ ಇಲ್ಲ ಅಂತ ಪರೀಕ್ಷೆ ಮಾಡಿ, 2015ರ ಕೊನೆಗೆ ಅಲ್ಲಿನ ವಿಮಾನಯಾನ ಆಡಳಿತ ಹೊಸ ಎತ್ತರದ ಟವರ್‌ಗಳಿಗೆ ಆ ನಿಯಮ ತಂದಿತು. ದೀಪವೂ ಕಮ್ಮಿ, ಕರೆಂಟೂ ಕಮ್ಮಿ, ಹಕ್ಕಿಯೂ ಉಳೀತದೆ.

ನಿರ್ವಾಹಕ
ಇದು ಇರಲಿ. ಚೆನ್ನಾಗಿದೆ.

ಮೂರನೇಪುಟ
ಇಂಗಾಲ, ಹಕ್ಕಿ ಎಲ್ಲಾ ಸರಿ. 'ಹೊಣೆಗಾರಿಕೆ' ಅಂದ್ರೆ ಇಷ್ಟೇನಾ? ಟೆಲಿಕಾಂ ಕಂಪನಿ ಹತ್ತಿರ ಇರೋ ಅತಿ ಅಪಾಯದ ವಸ್ತು ಡೀಸೆಲ್ ಅಲ್ಲ, ಯಾರು ಯಾರಿಗೆ ಯಾವಾಗ ಎಲ್ಲಿಂದ ಕರೆ ಮಾಡಿದ್ರು ಅನ್ನೋ ದಾಖಲೆ.

ಟೆಲಿನಾರ್ ಅನ್ನೋ ಟೆಲಿಕಾಂ ಕಂಪನಿಯ ಉದಾಹರಣೆ ತಗೊಳ್ಳಿ. ನಾರ್ವೆ ಸರ್ಕಾರವೇ ಬಹುಪಾಲು ಒಡೆಯ. 2014ರಲ್ಲಿ ಮ್ಯಾನ್ಮಾರ್‌ನಲ್ಲಿ ಸೇವೆ ಶುರು ಮಾಡಿ, ಪಾರದರ್ಶಕತೆಗೆ ಮಾದರಿ ಅಂತ ಹೊಗಳಿಸಿಕೊಳ್ತು. 2021ರ ಫೆಬ್ರುವರಿ 1ಕ್ಕೆ ಸೇನಾ ದಂಗೆ. ಸೇನೆ ಕದ್ದಾಲಿಕೆ ಉಪಕರಣ ಚಾಲೂ ಮಾಡಿ ಅಂತ ಒತ್ತಾಯಿಸಿತು. ಕಂಪನಿ 'ನಮ್ಮಿಂದಾಗಲ್ಲ, ಹೊರಡ್ತೀವಿ' ಅಂತ ಜುಲೈಯಲ್ಲಿ ವ್ಯವಹಾರವನ್ನ 10.5 ಕೋಟಿ ಡಾಲರ್‌ಗೆ ಲೆಬನಾನಿನ ಎಂ1 ಗ್ರೂಪ್‌ಗೆ ಮಾರೋದಾಗಿ ಘೋಷಿಸಿತು. 474 ನಾಗರಿಕ ಸಂಘಟನೆಗಳ ಪರವಾಗಿ ನಾರ್ವೆಯಲ್ಲಿ ದೂರು ದಾಖಲಾಯ್ತು. ಕಾರಣ, ಕಂಪನಿಯ ಜೊತೆಗೆ ಕೋಟಿಗಟ್ಟಲೆ ಜನರ ಕರೆ ದಾಖಲೆಯೂ ಕೈ ಬದಲಾಗುತ್ತೆ. ಕೊನೆಗೆ 2022ರ ಮಾರ್ಚ್‌ನಲ್ಲಿ ಸ್ಥಳೀಯ ಪಾಲುದಾರನನ್ನೂ ಸೇರಿಸಿಕೊಂಡು ಮಾರಾಟ ಮುಗೀತು. ಇದ್ರೆ ಸೇನೆಗೆ ಕೈ ಜೋಡಿಸಿದ ಹಾಗೆ, ಹೋದ್ರೆ ಜನರನ್ನ ಒಪ್ಪಿಸಿ ಹೋದ ಹಾಗೆ. ಇದಕ್ಕೆ ಯಾವ ಖಾನೆಯಲ್ಲಿ ಅಂಕ ಹಾಕ್ತೀರಿ?

ಝೀರೋಬ್ಯಾಲೆನ್ಸ್
ಗುರು, ಪಾಪ ಆ ಕಂಪನಿ ಏನು ಮಾಡಬೇಕಿತ್ತು? ನೌಕರರ ತಲೆಗೆ ಬಂದೂಕು ಇಟ್ರೆ? ನೀವಾಗಿದ್ರೆ ಏನು ಮಾಡ್ತಿದ್ರಿ?

ಮೂರನೇಪುಟ
ದಂಗೆ ಆದ ದಿನ ಮಾಡೋಕೆ ಏನೂ ಉಳಿದಿರಲ್ಲ, ಒಪ್ಪಿದೆ. ನನ್ನ ವಾದ ಅದಕ್ಕೆ ಮುಂಚಿನದು. ಎಷ್ಟು ದಾಖಲೆ ಕೂಡಿಡಬೇಕು, ಎಷ್ಟು ದಿನ ಇಡಬೇಕು, ಹೊರಡೋದಾದ್ರೆ ಹೇಗೆ ಅಂತ ಆ ದೇಶಕ್ಕೆ ಕಾಲಿಡೋ ಮೊದಲೇ ಬರೆದಿಡಬೇಕು. ಕಾನೂನು ಕೇಳೋದಕ್ಕಿಂತ ಒಂದು ದಿನವೂ ಜಾಸ್ತಿ ಇಡಬಾರದು. ವೊಡಾಫೋನ್ 2014ರಲ್ಲಿ ದೇಶವಾರು ಸರ್ಕಾರಿ ಬೇಡಿಕೆಗಳ ವರದಿ ಹೊರಗೆ ಬಿಟ್ಟಾಗ, ಕೆಲವು ದೇಶಗಳಲ್ಲಿ ಸರ್ಕಾರಕ್ಕೆ ಕೇಳೋ ಅಗತ್ಯವೇ ಇಲ್ಲ, ನೇರ ಸಂಪರ್ಕವೇ ಇದೆ ಅಂತ ಜಗತ್ತಿಗೆ ಗೊತ್ತಾಯ್ತು. ಅಂಥ ವರದಿ ಪ್ರಕಟಿಸ್ತಾರಾ, ಇಲ್ವಾ? ಇದು ಕೇಳಬಹುದಾದ ಪ್ರಶ್ನೆ.

ಲಂಚದ ವಿಷಯಾನೂ ಸೇರಿಸಿ. ಉಜ್ಬೇಕಿಸ್ತಾನದಲ್ಲಿ ಲೈಸೆನ್ಸ್‌ಗೆ ಲಂಚ ಕೊಟ್ಟ ಪ್ರಕರಣದಲ್ಲಿ ಸ್ವೀಡನ್ನಿನ ಟೆಲಿಕಾಂ ಕಂಪನಿ ಟೆಲಿಯಾ 2017ರಲ್ಲಿ 96.5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಳ್ತು. ಎರಿಕ್ಸನ್ ಬೇರೆ ದೇಶಗಳ ಲಂಚದ ಪ್ರಕರಣದಲ್ಲಿ 2019ರಲ್ಲಿ ನೂರು ಕೋಟಿ ಡಾಲರ್‌ಗೂ ಮೇಲೆ ಕಟ್ಟಲು ಒಪ್ಕೊಳ್ತು, ಆ ಒಪ್ಪಂದವನ್ನೂ ಮುರಿದು 2023ರಲ್ಲಿ ಮತ್ತೆ ತಪ್ಪೊಪ್ಪಿಗೆ. ಸುಸ್ಥಿರತೆ ಅಂದ ಕೂಡಲೇ ನೆನಪಿಗೆ ಬರೋ ನಾರ್ಡಿಕ್ ದೇಶದ ಕಂಪನಿಗಳೇ ಇವು.

ಹೊಸಬ_23
ನಾನು ಟವರ್ ಹತ್ತೋ ಕೆಲಸದವನು, ಗುತ್ತಿಗೆದಾರನ ಕೆಳಗಿನ ಗುತ್ತಿಗೆದಾರನ ಹತ್ತಿರ. ಕಂಪನಿಯ ವರದಿಯಲ್ಲಿ 'ಈ ವರ್ಷ ಅಪಘಾತ ಸಾವು ಸೊನ್ನೆ' ಅಂತ ಇರುತ್ತೆ. ಅದರಲ್ಲಿ ನಾವು ಇರ್ತೀವಾ ಸರ್?

ಕಡತಪ್ರಿಯ
ಒಳ್ಳೇ ಪ್ರಶ್ನೆ ತಮ್ಮಾ. ಇರಲೇಬೇಕು ಅಂತ ಇಲ್ಲ. 'ನೌಕರರು' ಅಂತ ಮಾತ್ರ ಬರೆದಿದ್ರೆ ನೀನು ಅದರಲ್ಲಿಲ್ಲ. 'ನೌಕರರು ಮತ್ತು ಗುತ್ತಿಗೆ ಕಾರ್ಮಿಕರು' ಅಂತಿದ್ರೂ, ಕೆಳಗಿನ ಹಂತದ ಗುತ್ತಿಗೆ ಸೇರಿದೆಯಾ ಅಂತ ಅಡಿಟಿಪ್ಪಣಿ ನೋಡಬೇಕು.

ಆಂಟೆನಾ_ಅಪ್ಪು
ಅಮೆರಿಕದಲ್ಲಿ 2013ರಲ್ಲಿ 13 ಜನ ಟವರ್ ಕೆಲಸದಲ್ಲಿ ಸತ್ತರು. ಅಲ್ಲಿನ ಸುರಕ್ಷತಾ ಇಲಾಖೆ ಮುಂದಿನ ವರ್ಷ ಇಡೀ ಉದ್ಯಮಕ್ಕೆ ಪತ್ರ ಬರೀಬೇಕಾಯ್ತು. ಕೆಲಸ ಕೈಯಿಂದ ಕೈಗೆ ದಾಟ್ತಾ ಹೋದಾಗ ಗಡುವು ಮಾತ್ರ ಕೆಳಗಿನ ತನಕ ಬರುತ್ತೆ, ದುಡ್ಡು ನಡುವೆಯೇ ಉದುರಿಹೋಗುತ್ತೆ. ತಮ್ಮಾ, ಕೊಕ್ಕೆ ಎರಡೂ ಹಾಕ್ಕೊಂಡೇ ಹತ್ತು. ಮೇಲಿಂದ ಯಾರು ಎಷ್ಟು ಬೊಬ್ಬೆ ಹೊಡೆದ್ರೂ ಸರಿ.

ಹಳೇತಂತಿ
ಒಳಗಿನ ನೌಕರರ ಕಥೆಯೂ ಸೇರಲಿ. ಫ್ರಾನ್ಸ್ ಟೆಲಿಕಾಂನಲ್ಲಿ 22,000 ಜನರನ್ನು ಹೇಗಾದರೂ ಹೊರಗೆ ಕಳಿಸಬೇಕು ಅಂತ ಹೊರಟರು. ಸರ್ಕಾರಿ ನೌಕರಿಯ ರಕ್ಷಣೆ ಇದ್ದವರನ್ನು ವಜಾ ಮಾಡುವಂತಿರಲಿಲ್ಲ, ಹಾಗಾಗಿ ಬದುಕು ದುಸ್ತರ ಮಾಡಿದರು. ಸಾಲು ಸಾಲು ಆತ್ಮಹತ್ಯೆಗಳಾದವು. 2019ರ ಡಿಸೆಂಬರಿನಲ್ಲಿ ಕೋರ್ಟು ಮಾಜಿ ಮುಖ್ಯಸ್ಥರನ್ನು ಅಪರಾಧಿ ಅಂತು. ಕಂಪನಿಗೆ ಬಿದ್ದ ದಂಡ 75,000 ಯೂರೋ, ಕಾನೂನಿನಲ್ಲಿದ್ದ ಗರಿಷ್ಠ ಅಷ್ಟೇ.

ಮಿಸ್ಡ್‌ಕಾಲ್
75 ಸಾವಿರಾನಾ? ಮುಖಪುಟದ ಗಾಳಿಯಂತ್ರದ ಫೋಟೋಶೂಟ್‌ಗೆ ಅಷ್ಟು ಕೊಟ್ಟಿರ್ತಾರೆ.

ಸಂಪಿಗೆಮರ
ಎಲ್ಲರಿಗೂ ಥ್ಯಾಂಕ್ಸ್. ಕಂಪನಿಗಳಿಗೆ ಪ್ರಶ್ನೆ ಕಳಿಸಿದ್ದೆ, ಉತ್ತರ ಬಂದಿದೆ. ಸ್ಥಳ ಆಧಾರಿತ ಅಂಕಿಯನ್ನ ಒಬ್ಬರು ಕೂಡಲೇ ಕೊಟ್ರು, ಒಬ್ಬರು 'ವರದಿ ನೋಡಿ' ಅಂದ್ರು, 'ಶೇ 100' ಅಂದವರು ಇನ್ನೂ ಉತ್ತರಿಸಿಲ್ಲ. ಸ್ಲೀಪ್ ಮೋಡ್ ಎಷ್ಟು ಸೈಟಿನಲ್ಲಿ ಚಾಲೂ ಇದೆ ಅಂತ ಕೇಳಿದ್ದಕ್ಕೆ ಒಬ್ಬರ ಮಾರಾಟ ಪ್ರತಿನಿಧಿ ಫೋನ್ ಮಾಡಿ, 'ಈ ಪ್ರಶ್ನೆ ಯಾರು ಹೇಳಿಕೊಟ್ರು ಮೇಡಂ?' ಅಂತ ನಕ್ಕರು. ಗುತ್ತಿಗೆ ಕಾರ್ಮಿಕರ ಸಾವಿನ ಪ್ರಶ್ನೆಗೆ ಮಾತ್ರ ಎಲ್ಲರೂ 'ಸುರಕ್ಷತೆಯೇ ನಮ್ಮ ಆದ್ಯತೆ' ಅಂತ ಒಂದು ಪ್ಯಾರಾ ಕಳಿಸಿದ್ದಾರೆ, ಸಂಖ್ಯೆ ಇಲ್ಲ.

ಝೀರೋಬ್ಯಾಲೆನ್ಸ್
ನೋಡಿದ್ರಾ? ಸಂಖ್ಯೆ ಯಾರೂ ಕೊಡಲ್ಲ. ಎಲ್ಲರಿಗೂ ಸಮ ಅಂಕ ಹಾಕಿ ದರ ನೋಡಿ ಮುಗಿಸಿ.

ಕಡತಪ್ರಿಯ
ಸಮ ಹಾಕಬೇಡಿ. ಆ ಸಾಲಿಗೆ ಮೂವರಿಗೂ ಸೊನ್ನೆ ಹಾಕಿ, ಸೊನ್ನೆ ಯಾಕೆ ಅಂತ ಬರೆದು ಕಳಿಸಿ. ಗುತ್ತಿಗೆ ಕರಾರಿನಲ್ಲೇ ಒಂದು ಷರತ್ತು ಸೇರಿಸಿ: ಎಲ್ಲಾ ಹಂತದ ಗುತ್ತಿಗೆದಾರರ ಅಪಘಾತದ ಅಂಕಿ ವರ್ಷಕ್ಕೊಮ್ಮೆ ಕೊಡಬೇಕು ಅಂತ. ಸಹಿ ಮಾಡೋ ಮೊದಲು ಕೇಳಿದ್ದಕ್ಕೆ ಮಾತ್ರ ಉತ್ತರ ಬರುತ್ತೆ, ಆಮೇಲೆ ನಿಮ್ಮ ಕರೆ ಕಸ್ಟಮರ್ ಕೇರ್‌ಗೆ ಹೋಗುತ್ತೆ.

'ವರದಿ ನೋಡಿ' ಅಂದವರ ಸ್ಥಳ ಆಧಾರಿತ ಅಂಕಿ ಬೇಕಿದ್ರೆ ಕೊನೆಯಿಂದ ಹುಡುಕಿ. ದತ್ತಾಂಶದ ಕೋಷ್ಟಕಗಳು ಅನುಬಂಧದಲ್ಲಿರ್ತವೆ, ಸ್ಕೋಪ್ 2ರ ಕೆಳಗೆ ಎರಡು ಸಾಲು. ಒಂದೇ ಸಾಲು ಇದ್ರೆ ಪಕ್ಕದ ಅಡಿಟಿಪ್ಪಣಿ ಓದಿ.

ಸಂಪಿಗೆಮರ
ಸಿಕ್ತು. ಎರಡು ಸಾಲಿದೆ. ಮೂರು ವರ್ಷದಿಂದ ಸ್ಥಳ ಆಧಾರಿತದ್ದು ಏರ್ತಾನೇ ಇದೆ, ಮಾರುಕಟ್ಟೆ ಆಧಾರಿತದ್ದು ಇಳೀತಿದೆ.

ಆಂಟೆನಾ_ಅಪ್ಪು
ಅದೇ ಕೋಷ್ಟಕದಲ್ಲಿ ಒಟ್ಟು ಸೈಟುಗಳ ಸಂಖ್ಯೆ ಇದೆಯಾ ನೋಡಿ. ಒಟ್ಟು ಯೂನಿಟ್‌ಗಳನ್ನ ಅದರಿಂದ ಭಾಗಿಸಿ ಮೂರೂ ವರ್ಷದ್ದು ಇಲ್ಲಿ ಹಾಕಿ. ಸ್ಲೀಪ್ ಮೋಡ್ ಬಗ್ಗೆ ನಕ್ಕವರು ಇವರೇ ಆಗಿದ್ರೆ ಅಲ್ಲೇ ಗೊತ್ತಾಗಿಬಿಡುತ್ತೆ.